ಕಪಾಟಿನ ಬಾಗಿಲಿಗೆ ಹಿಂಜ್ ಗುಂಡಿ: ಕೊರೆದದ್ದು ಸ್ವಲ್ಪ ಹೊತ್ತು, ಅಳೆದದ್ದೇ ಬಹಳ

ನಮ್ಮ ಅಡುಗೆಮನೆಯ ಕಪಾಟುಗಳಿಗೆ ಹೊಸ ಬಾಗಿಲು ಕೂರಿಸುವ ಕೆಲಸ ಅಂತೂ ಮುಗಿಯಿತು. ಬಾಗಿಲುಗಳೆಲ್ಲ ಸಲೀಸಾಗಿ ತೆರೆಯುತ್ತಿವೆ, ಮುಚ್ಚುತ್ತಿವೆ, ಒಂದಕ್ಕೊಂದು ಉಜ್ಜುತ್ತಿಲ್ಲ. ಈ ಒಂದು ಸಾಲು ಬರೆಯುವ ಹಂತಕ್ಕೆ ಬರಲು ನಾನು ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯಿತು. ಅದರಲ್ಲಿ ಡ್ರಿಲ್ ತಿರುಗಿದ ಹೊತ್ತು ತೀರಾ ಕಡಿಮೆ. ಉಳಿದದ್ದೆಲ್ಲ ಅಳೆದದ್ದು, ಕಾಗದ ಓದಿದ್ದು, ಸಾಮಾನಿಗಾಗಿ ಕಾದದ್ದು. ತೂತಿಲ್ಲದ ಬಾಗಿಲು ತರಿಸಿ ತಾವೇ ಹಿಂಜ್ (ಬಾಗಿಲು ತಿರುಗುವ ಕೀಲು) ಕೂರಿಸುತ್ತೇವೆ ಎಂದು ಹೊರಟವರಿಗೆ ನೆರವಾದೀತು ಎಂದು ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಹಳೆಯ ಬಾಗಿಲುಗಳು ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು. ಸಿಂಕಿನ ಕೆಳಗಿನ ಜೋಡಿ ತೇವ ಹೀರಿಕೊಂಡು ಅಂಚೆಲ್ಲ ಊದಿತ್ತು. ಹಿಂಜಿನ ಸ್ಕ್ರೂಗಳು ಹಿಡಿತ ಬಿಟ್ಟು, ಒಂದು ಬಾಗಿಲು ಕೆಳಗಿನ ಹಿಂಜಿನ ಮೇಲೇ ನೇತಾಡುತ್ತಿತ್ತು. ಸ್ಕ್ರೂ ತೂತಿಗೆ ಕಡ್ಡಿ ತುರುಕಿ ಅಂಟು ಹಾಕಿ ಕೆಲವು ಕಾಲ ತಳ್ಳಿದೆವು. ಆದರೆ ಪಾರ್ಟಿಕಲ್ ಬೋರ್ಡ್ ಒಮ್ಮೆ ಊದಿತೆಂದರೆ ಮತ್ತೆ ಇಳಿಯುವುದಿಲ್ಲ, ಅದರಲ್ಲಿ ಸ್ಕ್ರೂ ನಿಲ್ಲುವುದೂ ಇಲ್ಲ. ಒಳಗಿನ ಪೆಟ್ಟಿಗೆಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಹಾಗಾಗಿ ಪೆಟ್ಟಿಗೆ ಉಳಿಸಿಕೊಂಡು ಬಾಗಿಲು ಮಾತ್ರ ಬದಲಿಸುವುದು ಎಂದಾಯಿತು. ಹೊಸವು 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ), ಎರಡೂ ಕಡೆ ಲ್ಯಾಮಿನೇಟ್ ಎಂಬ ತೆಳು ಹೊದಿಕೆ.

ಮೊದಲ ತೊಡಕು ಆರ್ಡರ್ ಫಾರಂನಲ್ಲೇ ಎದುರಾಯಿತು. ಎತ್ತರ, ಅಗಲ, ದಪ್ಪ, ಬಣ್ಣ ಇವೆಲ್ಲ ಆದ ಮೇಲೆ ಒಂದು ಕಾಲಂ: ‘ಹಿಂಜ್ ಡ್ರಿಲ್ಲಿಂಗ್ ಬೇಕೆ?’ ಬೇಕು ಎಂದು ಬರೆದರೆ ಇನ್ನೊಂದು ಹಾಳೆ ತುಂಬಬೇಕು. ಪ್ರತಿ ಬಾಗಿಲಿಗೂ ಹಿಂಜ್ ಎಡಕ್ಕೋ ಬಲಕ್ಕೋ, ಎಷ್ಟು ಹಿಂಜ್, ಮೇಲಿನ ಅಂಚಿನಿಂದ ಪ್ರತಿಯೊಂದರ ನಡುಬಿಂದು ಎಷ್ಟು ದೂರ, ‘ಕೆ’ ಎಷ್ಟು, ಸ್ಕ್ರೂ ತೂತುಗಳ ನಡುವಿನ ಅಂತರ ಎಷ್ಟು. ಪ್ರತಿ ಗುಂಡಿಗೂ ಬೇರೆ ದರ. ಕೊರೆದ ಬಾಗಿಲನ್ನು ಯಾವ ಕಾರಣಕ್ಕೂ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಷರತ್ತು ಹಾಳೆಯ ಬುಡದಲ್ಲಿ. ಫೋನು ಮಾಡಿ ಕೇಳಿದರೆ ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದಲೇ, “ಮೇಡಂ, ನೀವು ಕೆ ಎಷ್ಟು ಅಂತ ಹೇಳಿಬಿಡಿ ಸಾಕು, ಉಳಿದದ್ದು ನಾವು ನೋಡ್ಕೋತೀವಿ” ಅಂದ. ಆ ಕೆ ಅನ್ನುವುದೇ ನನಗೆ ಗೊತ್ತಿಲ್ಲದ ಸಂಗತಿಯಾಗಿತ್ತು.

ತೂತಿಲ್ಲದ ಬಾಗಿಲುಗಳನ್ನೇ ತರಿಸಿದೆ. ನಮ್ಮ ಪೆಟ್ಟಿಗೆಗಳೆಲ್ಲ ಒಂದೇ ಅಳತೆಯವಲ್ಲ, ಒಂದೆರಡು ಆಮೇಲೆ ಸೇರಿಸಿದವು, ಹಿಂಜೂ ಇನ್ನೂ ಕೈಗೆ ಬಂದಿರಲಿಲ್ಲ. ಕಾಗದದ ಮೇಲೆ ಊಹಿಸಿ ಬರೆದುಕೊಡುವ ಧೈರ್ಯ ಬರಲಿಲ್ಲ. ನಿಮ್ಮ ಪೆಟ್ಟಿಗೆಗಳೆಲ್ಲ ಒಂದೇ ಕಾರ್ಖಾನೆಯವಾಗಿದ್ದು, ಹಿಂಜ್ ಯಾವುದೆಂದು ಮೊದಲೇ ಖಚಿತವಾಗಿದ್ದರೆ ಮಾತ್ರ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಅವರಿಂದಲೇ ಕೊರೆಸಿಕೊಳ್ಳಿ. ಯಂತ್ರದ ಗುಂಡಿಯಷ್ಟು ನೀಟಾಗಿ ಕೈ ಡ್ರಿಲ್ಲಿನ ಗುಂಡಿ ಬರುವುದಿಲ್ಲ. ಇದನ್ನು ಎಲ್ಲ ಕೊರೆದಾದ ಮೇಲೂ ಹೇಳುತ್ತಿದ್ದೇನೆ.

ಬಾಗಿಲು ಬರುವವರೆಗೆ ವಾರಗಟ್ಟಲೆ ಕಾಯಬೇಕಿತ್ತು. ಆ ಬಿಡುವಿನಲ್ಲಿ ಹಿಂಜಿನ ಪಾಠ ಆಯಿತು.

ಅಡುಗೆಮನೆಯ ಕಪಾಟಿಗೆ ಈಗ ಎಲ್ಲರೂ ಹಾಕಿಸುವುದು ಕಪ್ ಹಿಂಜ್, ಮುಚ್ಚಿದಾಗ ಹೊರಗೆ ಕಾಣದ್ದು. ಅದರ ದುಂಡನೆಯ ಬಟ್ಟಲು ಬಾಗಿಲಿನ ಒಳಮುಖದಲ್ಲಿ ಕೊರೆದ ಗುಂಡಿಯಲ್ಲಿ ಕೂರುತ್ತದೆ. ತೋಳು ಚಾಚಿ ಪೆಟ್ಟಿಗೆಯ ಪಕ್ಕದ ಹಲಗೆಗೆ ಬಿಗಿದ ಪ್ಲೇಟಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟಲಿನ ವ್ಯಾಸ ಸಾಮಾನ್ಯವಾಗಿ 35 ಮಿ.ಮೀ. ಸಣ್ಣ, ತೆಳು ಬಾಗಿಲುಗಳಿಗೆ 26ರದ್ದು, ಬಹಳ ದಪ್ಪನೆಯವಕ್ಕೆ 40ರದ್ದು ಬರುತ್ತವೆ. ನಿಮ್ಮ ಕೈಯಲ್ಲಿರುವುದನ್ನು ಅಳೆದೇ ಬಿಟ್ (ಡ್ರಿಲ್ಲಿಗೆ ಸಿಕ್ಕಿಸುವ ಕೊರೆಯುವ ಅಲಗು) ತನ್ನಿ.

ಕೆ ಅಂದರೆ ಇಷ್ಟೇ: ಗುಂಡಿಯ ಅಂಚಿಗೂ ಬಾಗಿಲಿನ ಅಂಚಿಗೂ ನಡುವೆ ಉಳಿಯುವ ಪಟ್ಟಿಯ ಅಗಲ. ಸಾಮಾನ್ಯವಾಗಿ 3ರಿಂದ 6 ಮಿ.ಮೀ. ಒಳಗೆ. ಕೆಲವು ಕಾಗದಗಳಲ್ಲಿ ಇದನ್ನು ಹೇಳದೆ ಅಂಚಿನಿಂದ ಗುಂಡಿಯ ನಡುಬಿಂದುವಿಗೆ ಎಷ್ಟು ಎಂದು ಕೊಟ್ಟಿರುತ್ತಾರೆ. 35ರ ಅರ್ಧ 17.5, ಅದಕ್ಕೆ ಕೆ 5 ಸೇರಿಸಿದರೆ 22.5. ಎರಡು ಕಡೆ ಎರಡು ಸಂಖ್ಯೆ ಕಂಡು ಗಾಬರಿಯಾಗುವುದು ಬೇಡ, ಲೆಕ್ಕ ಒಂದೇ. ಅಂಚು ಅಂದರೆ ಎಡ್ಜ್ ಬ್ಯಾಂಡ್ (ಹಲಗೆಯ ಅಂಚನ್ನು ಮುಚ್ಚುವ ಪಟ್ಟಿ) ಅಂಟಿಸಿದ ನಂತರದ ಅಂಚು. 2 ಮಿ.ಮೀ. ಬ್ಯಾಂಡ್ ಹಾಕಿಸುವವರು ಬ್ಯಾಂಡ್ ಹಾಕುವ ಮೊದಲೇ ಅಳೆದು ಕೊರೆದರೆ ಕೆ ಅಷ್ಟರ ಮಟ್ಟಿಗೆ ಹೆಚ್ಚಿಬಿಡುತ್ತದೆ.

ಈ ಕೆ ಯಾಕೆ ಇಷ್ಟು ಮುಖ್ಯ? ಬಾಗಿಲು ಪಕ್ಕದ ಹಲಗೆಯನ್ನು ಎಷ್ಟು ಮುಚ್ಚುತ್ತದೆ ಎನ್ನುವುದು ಅದರ ಮೇಲೆ ನಿಂತಿದೆ. ಕೆ 1 ಮಿ.ಮೀ. ಹೆಚ್ಚಿದರೆ ಬಾಗಿಲು 1 ಮಿ.ಮೀ. ಹೆಚ್ಚು ಹೊರಕ್ಕೆ ಸರಿದು ಕೂರುತ್ತದೆ. ಪ್ಲೇಟು 2 ಮಿ.ಮೀ. ಹೆಚ್ಚು ದಪ್ಪನೆಯದಾದರೆ ಬಾಗಿಲು ಅಷ್ಟೇ ಒಳಕ್ಕೆ ಬರುತ್ತದೆ. ಹಿಂಜಿನ ತಾಂತ್ರಿಕ ಹಾಳೆಯಲ್ಲಿ ಇದಕ್ಕೊಂದು ಕೋಷ್ಟಕ ಇರುತ್ತದೆ. ಒಂದು ಕಡೆ ಕೆ, ಇನ್ನೊಂದು ಕಡೆ ಪ್ಲೇಟಿನ ಎತ್ತರ, ಎರಡೂ ಸೇರುವ ಮನೆಯಲ್ಲಿ ಬಾಗಿಲು ಹಲಗೆಯನ್ನು ಮುಚ್ಚುವ ಅಳತೆ. ನನ್ನ ಹಿಂಜಿಗೆ ಕೆ 5, ಪ್ಲೇಟಿನ ಎತ್ತರ 0 ಸೇರುವಲ್ಲಿ 16 ಎಂದಿತ್ತು. ನಮ್ಮ ಹಲಗೆ 18. ಅಕ್ಕಪಕ್ಕದ ಎರಡು ಪೆಟ್ಟಿಗೆಗಳ ಬಾಗಿಲು ತಲಾ 16 ಮುಚ್ಚಿದರೆ ನಡುವೆ 4 ಮಿ.ಮೀ. ಸಂದು. ನನಗೆ 3 ಬೇಕಿತ್ತು, ಆ ಅರ್ಧರ್ಧ ಮಿಲಿಮೀಟರನ್ನು ಹಿಂಜಿನ ತಿರುಪಿನಿಂದಲೇ ಸರಿಪಡಿಸಬಹುದು. ಈ ಕೋಷ್ಟಕವಿಲ್ಲದ ಹಿಂಜನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ನನ್ನ ಇಡೀ ಅನುಭವದಲ್ಲಿ ಖಡಾಖಂಡಿತವಾಗಿ ಹೇಳಬಹುದಾದ ಮಾತು ಇದೊಂದೇ.

ಇನ್ನು ತೋಳಿನ ಬಾಗು. ಒಂದು ಹಲಗೆಯನ್ನು ಒಂದೇ ಬಾಗಿಲು ಪೂರ್ತಿ ಮುಚ್ಚುವುದಾದರೆ ನೇರ ತೋಳಿನ ಹಿಂಜ್. ನಡುವಿನ ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಳ್ಳುವುದಾದರೆ ಅರ್ಧ ಬಾಗಿನದು. ಬಾಗಿಲು ಚೌಕಟ್ಟಿನ ಒಳಗೆ ಕೂರುವುದಾದರೆ ಪೂರ್ತಿ ಬಾಗಿದ್ದು. ಅಂಗಡಿಯಲ್ಲಿ ಝೀರೋ ಕ್ರ್ಯಾಂಕ್, ಹಾಫ್ ಕ್ರ್ಯಾಂಕ್, ಫುಲ್ ಕ್ರ್ಯಾಂಕ್ ಅಂದರೆ ತಿಳಿಯುತ್ತದೆ. ನಮ್ಮಲ್ಲಿ ಒಂದು ಜೋಡಿ ಪೆಟ್ಟಿಗೆಗೆ ನಡುಹಲಗೆ ಒಂದೇ. 18ರಲ್ಲಿ 3 ಸಂದಿಗೆ ಬಿಟ್ಟರೆ ಉಳಿದದ್ದು 15, ತಲಾ 7.5. ಹಾಗಾಗಿ ಆ ಎರಡು ಬಾಗಿಲಿಗೆ ಹಾಫ್ ಕ್ರ್ಯಾಂಕ್, ಉಳಿದವಕ್ಕೆಲ್ಲ ಝೀರೋ. ಮೂರೂ ಬಗೆಗೆ ಬಾಗಿಲಲ್ಲಿ ಕೊರೆಯುವ ಗುಂಡಿ ಒಂದೇ ತೆರ, ವ್ಯತ್ಯಾಸವೆಲ್ಲ ತೋಳಿನಲ್ಲಿ.

ಹಳೆಯ ಬಾಗಿಲನ್ನೇ ಹೊಸದರ ಮೇಲಿಟ್ಟು ಗುರುತು ಮಾಡಿಕೊಂಡರೆ ಆಯಿತಲ್ಲ ಎಂದು ಮನೆಗೆ ಬಂದವರೆಲ್ಲ ಹೇಳಿದರು. ಕೇಳಲು ಸುಲಭವೇ. ಆದರೆ ಹಳೆಯ ಹಿಂಜಿನ ಎರಡು ಸ್ಕ್ರೂ ತೂತುಗಳ ನಡುವೆ 48 ಮಿ.ಮೀ. ಇತ್ತು, ಹೊಸದರಲ್ಲಿ 45. ಇವಲ್ಲದೆ 52ರದ್ದೂ ಇವೆ. ಅಷ್ಟೇ ಅಲ್ಲ, ಬಟ್ಟಲಿನ ನಡುಗೆರೆಯಿಂದ ಆ ತೂತುಗಳು ಎಷ್ಟು ಹಿಂದೆ ಬರುತ್ತವೆ ಎನ್ನುವುದೂ ಬೇರೆ ಬೇರೆ: 48ರದ್ದಕ್ಕೆ 6, 45ರದ್ದಕ್ಕೆ 9.5, 52ರದ್ದಕ್ಕೆ 5.5. ನೋಡಲು ಎಲ್ಲ ಒಂದೇ ತರಹದ ಲೋಹದ ತುಂಡು, ತೂತಿನ ಲೆಕ್ಕಕ್ಕೆ ಬಂದರೆ ಒಂದು ಇನ್ನೊಂದರ ಜಾಗದಲ್ಲಿ ಕೂರದು.

ಪೆಟ್ಟಿಗೆಯ ಕಡೆ ಮಾತ್ರ ಖುಷಿಯ ಸುದ್ದಿ. ಕಾರ್ಖಾನೆಯ ಪೆಟ್ಟಿಗೆಗಳಲ್ಲಿ ಪ್ಲೇಟಿನ ಎರಡು ತೂತುಗಳ ನಡುವೆ 32 ಮಿ.ಮೀ., ಹಲಗೆಯ ಮುಂದಿನ ಅಂಚಿನಿಂದ 37 ಮಿ.ಮೀ. ಇದು ಕಪಾಟು ತಯಾರಿಕೆಯಲ್ಲಿ ಬಹಳ ಕಾಲದಿಂದ ನಿಂತುಹೋದ ಅಳತೆ, ಹಳೆಯ ಪ್ಲೇಟ್ ಬಿಚ್ಚಿ ಹೊಸದನ್ನು ಅದೇ ತೂತಿಗೆ ಬಿಗಿದರೆ ಹಾಗೇ ಕೂತಿತು. ಚೌಕಟ್ಟಿನ ಒಳಗೆ ಕೂರುವ ಬಾಗಿಲಾದರೆ ಆ 37ಕ್ಕೆ ಬಾಗಿಲಿನ ದಪ್ಪವನ್ನೂ ಸೇರಿಸಿಕೊಳ್ಳಬೇಕು.

ಬಿಟ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಸ್ವಲ್ಪ ಹೆಚ್ಚು ಹೇಳುವುದಿದೆ. ಹೋಲ್ ಸಾ (ದುಂಡನೆಯ ಗರಗಸದ ಬಿಟ್) ಕೆಲಸಕ್ಕೆ ಬಾರದು. ಅದು ಸುತ್ತ ಕೊಯ್ಯುತ್ತದೆಯೇ ಹೊರತು ಗುಂಡಿಯ ತಳವನ್ನು ಸಮತಟ್ಟಾಗಿ ಕೆತ್ತುವುದಿಲ್ಲ. ಚಪ್ಪಟೆ ಸ್ಪೇಡ್ ಬಿಟ್‌ಗೆ ನಡುವಿನ ಮೊನೆ ಉದ್ದ, 18ರ ಬಾಗಿಲಲ್ಲಿ ಆಚೆ ಬದಿಗೆ ತೂರಿಬಿಡುತ್ತದೆ. ಬೇಕಾದದ್ದು ಫೋರ್ಸ್ಟ್ನರ್ ಬಿಟ್, ಇಲ್ಲವೇ ಹಿಂಜಿಗೆಂದೇ ಮಾಡಿದ, ಉಕ್ಕಿಗಿಂತ ಗಡುಸಾದ ಕಾರ್ಬೈಡ್ ಹಲ್ಲಿನ ಬಿಟ್. ಫೋರ್ಸ್ಟ್ನರ್ ಎನ್ನುವುದು ವ್ಯಕ್ತಿಯ ಹೆಸರು. ಬೆಂಜಮಿನ್ ಫೋರ್ಸ್ಟ್ನರ್ ಎಂಬಾತ 1874ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಿಟ್ಟಿನ ಸುತ್ತಲಿನ ಅಂಚೇ ಮರವನ್ನು ಕೊಯ್ದು ದಾರಿ ಹಿಡಿಯುತ್ತದೆ, ಆದ್ದರಿಂದ ಗುಂಡಿಯ ಗೋಡೆ ನುಣುಪಾಗಿ, ತಳ ಸಪಾಟಾಗಿ ಬರುತ್ತದೆ.

ತಮ್ಮನ ಉಪಕರಣಗಳ ಪೆಟ್ಟಿಗೆಯಲ್ಲಿ ಸಾದಾ ಉಕ್ಕಿನ ಫೋರ್ಸ್ಟ್ನರ್ ಒಂದಿತ್ತು. ಎಂಡಿಎಫ್ ತುಂಡಿನ ಮೇಲೆ ಮೊದಲ ಗುಂಡಿ ಚೆನ್ನಾಗಿಯೇ ಬಂತು. ಆಮೇಲಿನವುಗಳಲ್ಲಿ ಗೋಡೆ ಕಂದು ಬಣ್ಣಕ್ಕೆ ತಿರುಗಿತು, ಸುಟ್ಟ ವಾಸನೆ, ಸಣ್ಣಗೆ ಹೊಗೆ. ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡಿನಲ್ಲಿರುವ ಅಂಟು, ಮೇಲಿನ ಲ್ಯಾಮಿನೇಟು ಎರಡೂ ಸಾದಾ ಉಕ್ಕಿನ ಅಲಗನ್ನು ಬೇಗ ಮೊಂಡು ಮಾಡುತ್ತವೆ. ಮೊಂಡಾದ ಬಿಟ್ಟನ್ನು ಒತ್ತಿದಷ್ಟೂ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಮೊಂಡಾಗುತ್ತದೆ. ಕಾರ್ಬೈಡ್ ಹಲ್ಲಿನದನ್ನು ತರಿಸಿದೆವು, ಅದಕ್ಕಾಗಿ ಮತ್ತೆ ಕಾದೆವು. ಅದು ಬರುವ ಹೊತ್ತಿಗೆ ಬಾಗಿಲುಗಳು ಬಂದು ಗೋಡೆಗೊರಗಿ ಕೂತಿದ್ದವು. ಅಡುಗೆಮನೆಯ ಕಪಾಟುಗಳೆಲ್ಲ ಬಾಯಿ ತೆರೆದುಕೊಂಡು, ಡಬ್ಬಿ ಪಾತ್ರೆ ಎಲ್ಲ ಬಯಲಿಗೆ ಬಿದ್ದಿದ್ದವು. ಆ ದಿನಗಳ ಕಿರಿಕಿರಿ ಅಷ್ಟಿಷ್ಟಲ್ಲ. ಹೊಸ ಬಿಟ್ಟನ್ನು ಕೈಯಲ್ಲಿ ಹಿಡಿದುಕೊಳ್ಳುವವರೆಗೆ ಹಳೆಯ ಬಾಗಿಲು ಬಿಚ್ಚಬೇಡಿ. ಖರ್ಚಿನ ಮಾತು ಹೇಳುವುದಾದರೆ, ಬಾಗಿಲು ಮತ್ತು ಹಿಂಜುಗಳ ಮೊತ್ತದ ಮುಂದೆ ಒಳ್ಳೆಯ ಬಿಟ್ಟಿನದು ಏನೇನೂ ಅಲ್ಲ. ಉಳಿತಾಯ ಮಾಡುವ ಜಾಗ ಅದಲ್ಲ.

ನೆಲಕ್ಕೆ ನಿಲ್ಲಿಸುವ ಡ್ರಿಲ್ ಪ್ರೆಸ್ ಇದ್ದವರು ಪುಣ್ಯವಂತರು. ನಮಗಿದ್ದದ್ದು ಕೈ ಡ್ರಿಲ್. ಹಾಗಾಗಿ ಜತೆಗೊಂದು ಹಿಂಜ್ ಜಿಗ್ ತರಿಸಿದೆ. ಬಾಗಿಲಿನ ಅಂಚಿಗೆ ಆನಿಸಿ ಕ್ಲಾಂಪ್ ಹಾಕುವ ಸಣ್ಣ ಸಾಧನ ಅದು. ಕೆ ಅನ್ನು 3, 4, 5, 6ಕ್ಕೆ ಹೊಂದಿಸುವ ಗುರುತು, ಬಿಟ್ಟನ್ನು ನೆಟ್ಟಗೆ ಹಿಡಿಯುವ ಕೊಳವೆ, ಆಳಕ್ಕೆ ತಡೆ, ಎಲ್ಲ ಅದರಲ್ಲೇ. 5ಕ್ಕೆ ಹೊಂದಿಸಿ ತುಂಡು ಹಲಗೆಯ ಮೇಲೆ ಕೊರೆದು ಕ್ಯಾಲಿಪರ್ (ಸೂಕ್ಷ್ಮವಾಗಿ ಅಳೆಯುವ ಸಾಧನ) ಹಿಡಿದರೆ 5.5 ಬಂತು. ಜಿಗ್ಗಿನ ಗುರುತು ಇದ್ದದ್ದೇ ಹಾಗೆ. ಅಂಚಿಗೆ ಆನಿಸುವ ಗೋಡೆಯ ಮೇಲೆ ಮಾಸ್ಕಿಂಗ್ ಟೇಪನ್ನು ಪದರ ಪದರವಾಗಿ ಅಂಟಿಸುತ್ತಾ ಹೋದೆವು. ಟೇಪು ಹೆಚ್ಚಿದಂತೆ ಬಾಗಿಲಿನ ಅಂಚು ಬಿಟ್ಟಿನ ಕಡೆಗೆ ಸರಿಯುತ್ತದೆ, ಕೆ ಇಳಿಯುತ್ತದೆ. ಅಂತೂ 5ಕ್ಕೆ ಬಂದು ನಿಂತಿತು. ಜಿಗ್ಗಿನ ಮೇಲೆ ಅಚ್ಚಾದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಆಳದ ಲೆಕ್ಕಕ್ಕೆ ಇನ್ನೂ ಹುಷಾರು ಬೇಕು. ನಮ್ಮ ಹಿಂಜಿನ ಬಟ್ಟಲು ಸುಮಾರು 11.5 ಮಿ.ಮೀ. ಆಳ, ಕಾಗದದಲ್ಲಿ 13 ಕೊರೆಯಿರಿ ಎಂದಿತ್ತು. ಬಿಟ್ಟಿನ ನಡುಮೊನೆ ಅದಕ್ಕಿಂತ 2 ಮಿ.ಮೀ.ಗೂ ತುಸು ಹೆಚ್ಚು ಮುಂದೆ ಚಾಚಿರುತ್ತದೆ. ಅಂದರೆ ನಿಜವಾಗಿ ಮೊನೆ ತಲುಪುವುದು 15 ದಾಟಿ. 18ರ ಬಾಗಿಲಿಗೆ ತೊಂದರೆಯಿಲ್ಲ. 16ರ ಬಾಗಿಲಾದರೆ ಮುಂಭಾಗದ ಲ್ಯಾಮಿನೇಟಿನಲ್ಲಿ ಮೊಡವೆಯಂಥ ಉಬ್ಬು ಏಳುವುದಕ್ಕೆ ಕೂದಲೆಳೆಯಷ್ಟೇ ಬಾಕಿ. ಅಂಥವರು ಮೊನೆ ಗಿಡ್ಡವಿರುವ ಬಿಟ್ ಹುಡುಕಿ, ಬಟ್ಟಲು ಸರಿಯಾಗಿ ಕೂರುವಷ್ಟೇ ಆಳ ಕೊರೆಯಬೇಕು. ಬಿಟ್ಟಿಗೆ ಟೇಪು ಸುತ್ತಿ ಆಳ ಗುರುತು ಮಾಡುವ ಉಪಾಯ ಸಣ್ಣ ತೂತುಗಳಿಗೆ ಸರಿ, ಇಲ್ಲಿ ಪುಡಿ ಮೇಲೆದ್ದು ಟೇಪನ್ನೇ ಮುಚ್ಚಿಬಿಡುತ್ತದೆ. ಲೋಹದ ತಡೆಯುಂಗುರವೇ ಆಗಬೇಕು.

ಎಷ್ಟು ಹಿಂಜ್ ಎನ್ನುವುದಕ್ಕೂ ತಯಾರಕರ ಕಾಗದದಲ್ಲಿ ಪಟ್ಟಿ ಇರುತ್ತದೆ. ಸ್ಥೂಲವಾಗಿ ಬಾಗಿಲಿನ ಎತ್ತರ 900 ಮಿ.ಮೀ. ಒಳಗಿದ್ದರೆ 2, 1600ರವರೆಗೆ 3, 2000ದವರೆಗೆ 4. ತೂಕ ಹೆಚ್ಚಿದ್ದರೆ ಒಂದು ಸೇರಿಸಿಕೊಳ್ಳಿ. ಎಂಡಿಎಫ್ ಬಾಗಿಲು ನೋಡುವುದಕ್ಕಿಂತ ಭಾರ. ಮೇಲಿನ, ಕೆಳಗಿನ ಹಿಂಜಿನ ನಡುಬಿಂದು ಅಂಚಿನಿಂದ 80ರಿಂದ 100 ಮಿ.ಮೀ. ದೂರದಲ್ಲಿರುವುದು ರೂಢಿ. ನಮ್ಮ ಎತ್ತರದ ಕಪಾಟಿನಲ್ಲಿ ನಡುವಿನ ಹಿಂಜನ್ನು ಸರಿಯಾಗಿ ಮಧ್ಯಕ್ಕೆ ಗುರುತಿಸಿಕೊಂಡು ಒಳಗೆ ನೋಡಿದರೆ ಅಲ್ಲೇ ತಟ್ಟೆಯ ಹಲಗೆ ಬಂದು ಕೂತಿದೆ! ಪ್ಲೇಟಿಗೆ ಜಾಗವೇ ಇಲ್ಲ. ಹಿಂಜನ್ನು ಮೇಲಕ್ಕೆ ಸರಿಸಿದೆವು, ಬಾಗಿಲಿಗೆ ಅದರಿಂದ ಏನೂ ಬಾಧಕವಿಲ್ಲ. ಒಳಗೆ ಎಳೆಯುವ ಡ್ರಾಯರ್ ಇದ್ದರೆ ಇನ್ನೊಂದು ಪ್ರಶ್ನೆ ಬರುತ್ತದೆ: ಸಾದಾ ಹಿಂಜಿನಲ್ಲಿ ತೆರೆದ ಬಾಗಿಲಿನ ದಪ್ಪ ಪೆಟ್ಟಿಗೆಯ ಬಾಯಿಗೆ ಸ್ವಲ್ಪ ಅಡ್ಡ ಬರುತ್ತದೆ, ಡ್ರಾಯರ್ ಅದಕ್ಕೆ ಬಡಿಯುತ್ತದೆ. ಅದಕ್ಕೆ ಅಗಲವಾಗಿ ತೆರೆಯುವ, ಬಾಗಿಲನ್ನು ಪೂರ್ತಿ ಪಕ್ಕಕ್ಕೆ ಒಯ್ಯುವ ಹಿಂಜ್ ಬೇರೆಯೇ ಸಿಗುತ್ತದೆ.

ಗುರುತು ಮಾಡುವಾಗ ಟೇಪಿನಿಂದ ಪ್ರತಿ ಬಾಗಿಲನ್ನೂ ಬೇರೆ ಬೇರೆಯಾಗಿ ಅಳೆಯುವುದನ್ನು ಬಿಟ್ಟೆವು. ತೆಳುವಾದ ಉದ್ದ ಪಟ್ಟಿಯೊಂದನ್ನು ಪೆಟ್ಟಿಗೆಯ ಪಕ್ಕಕ್ಕೆ ಆನಿಸಿ, ಬಾಗಿಲಿನ ಮೇಲಿನ ಅಂಚು ಎಲ್ಲಿ ಬರಬೇಕು, ಪ್ಲೇಟುಗಳ ನಡುಗೆರೆ ಎಲ್ಲಿದೆ ಎಂದು ಅದರ ಮೇಲೆ ಗೀಟು ಹಾಕಿಕೊಂಡು, ಅದೇ ಪಟ್ಟಿಯನ್ನು ಬಾಗಿಲಿನ ಮೇಲಿಟ್ಟು ಗೀಟು ಇಳಿಸಿದೆವು. ಬಾಗಿಲಿನ ಮೇಲಂಚು ಪೆಟ್ಟಿಗೆಯ ಮೇಲಂಚಿಗೆ ಸಮ ಇರುವುದಿಲ್ಲ, ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ಕೆಳಗಿರುತ್ತದೆ. ಪಟ್ಟಿಯಲ್ಲಿ ಆ ವ್ಯತ್ಯಾಸ ತಾನಾಗಿ ಸೇರಿಕೊಳ್ಳುತ್ತದೆ, ಕೂಡುವ ಕಳೆಯುವ ತಾಪತ್ರಯ ಇಲ್ಲ.

ನಮ್ಮ ಬಾಗಿಲಿನ ಎರಡೂ ಮುಖ ಒಂದೇ ಬಣ್ಣ. ಎಡದ್ದು ಬಲದ್ದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಹಾಗಾಗಿ ಪ್ರತಿಯೊಂದಕ್ಕೂ ಒಳಮುಖದಲ್ಲಿ ಟೇಪು ಅಂಟಿಸಿ ‘ಒಳಗೆ’, ‘ಮೇಲೆ’, ಪೆಟ್ಟಿಗೆಯ ಸಂಖ್ಯೆ, ಹಿಂಜಿನ ಬದಿಗೆ ಬಾಣದ ಗುರುತು, ಇಷ್ಟು ಬರೆದೆ. ತಮ್ಮ ಪ್ರತಿ ಬಾಗಿಲನ್ನು ಮೇಜಿನ ಮೇಲೆ ಮಲಗಿಸುವಾಗಲೂ “ಅಕ್ಕಾ, ಇದು ಒಳಗಿನ ಮುಖ ತಾನೇ? ಇನ್ನೊಂದ್ಸಲ ನೋಡು” ಎನ್ನುತ್ತಿದ್ದ. “ಬರೆದಿದೆಯಲ್ಲೋ, ಓದೋ” ಎಂದು ರೇಗುತ್ತಿದ್ದೆ. ಆದರೂ ಅವನು ಕೇಳಿದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ನಿಜವಾದ ಬಾಗಿಲಿಗೆ ಬಿಟ್ ಮುಟ್ಟಿಸುವ ಮುನ್ನ ಒಂದು ಪೂರ್ತಿ ತಾಲೀಮು ಮಾಡಿದೆವು. ಅದೇ ದಪ್ಪದ ತುಂಡು ಹಲಗೆಗೆ ಗುಂಡಿ ಕೊರೆದು, ಹಿಂಜ್ ಬಿಗಿದು, ಅದನ್ನು ಪೆಟ್ಟಿಗೆಯ ಪ್ಲೇಟಿಗೆ ಸಿಕ್ಕಿಸಿ ಮುಚ್ಚಿದೆವು. ಮುಚ್ಚಿದ ಸ್ಥಿತಿಯಲ್ಲಿ ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಅಳೆದರೆ ಕಾಗದದಲ್ಲಿದ್ದ 16 ಬಂತು. ಆಗ ಎದೆ ಹಗುರಾಯಿತು. ಈ ಒಂದು ಹಂತವನ್ನು ಮಾತ್ರ ಸಮಯವಿಲ್ಲ ಎಂದು ಬಿಡಬೇಡಿ. ಬಾಗಿಲು ತರಿಸುವಾಗಲೇ ಅದೇ ಹಲಗೆಯ ಒಂದೆರಡು ತುಂಡು ಕೇಳಿ ತರಿಸಿಕೊಳ್ಳಿ, ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಮೊದಲ ಬಾಗಿಲಾಗಿ ಆರಿಸಿಕೊಂಡದ್ದು ಸಿಂಕಿನ ಕೆಳಗಿನದು, ಎಲ್ಲಕ್ಕಿಂತ ಕಡಿಮೆ ಕಣ್ಣಿಗೆ ಬೀಳುವುದು. ಇಷ್ಟೆಲ್ಲ ತಯಾರಿ ಆದ ಮೇಲೂ ಹೊಸ, ಹೊಳೆಯುವ ಬಾಗಿಲಿಗೆ ಬಿಟ್ ಇಡುವಾಗ ಕೈ ನಡುಗಿದ್ದು ಸುಳ್ಳಲ್ಲ. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಬಾಗಿಲು, ಎರಡು ಕ್ಲಾಂಪ್. 35 ಮಿ.ಮೀ. ಬಿಟ್ ಎಲ್ಲಾದರೂ ಕಚ್ಚಿಕೊಂಡರೆ ಡ್ರಿಲ್ಲೇ ತಿರುಗಿ ಮಣಿಕಟ್ಟು ತಿರುಚುತ್ತದೆ, ಆದ್ದರಿಂದ ಪಕ್ಕದ ಹಿಡಿಯನ್ನೂ ಹಾಕಿ ಎರಡೂ ಕೈಯಲ್ಲಿ ಹಿಡಿದೆವು. ವೇಗ ನಿಧಾನದ ಗೇರಿನಲ್ಲಿ. ಬಿಟ್ ತಿರುಗತೊಡಗಿದ ಮೇಲಷ್ಟೇ ಹಲಗೆಗೆ ಇಳಿಸಬೇಕು. ಮೊದಲು ನಡುಮೊನೆ ಕೂರುತ್ತದೆ, ಆಮೇಲೆ ಅಂಚು ಲ್ಯಾಮಿನೇಟನ್ನು ಮುಟ್ಟಿ ಕಿರ್ ಎಂದು ತೆಳ್ಳನೆಯ ಬಿಳಿ ಉಂಗುರ ಮೂಡುತ್ತದೆ. ಆ ಉಂಗುರ ಸುತ್ತಲೂ ಒಂದೇ ಸಮ ಬಂದಿದ್ದರೆ ಡ್ರಿಲ್ ನೆಟ್ಟಗಿದೆ ಎಂದರ್ಥ. ಒಂದು ಕಡೆ ಮಾತ್ರ ಕಂಡರೆ ಅಲ್ಲೇ ನಿಲ್ಲಿಸಿ ಜಿಗ್ ನೋಡಿಕೊಳ್ಳಿ. ಲ್ಯಾಮಿನೇಟ್ ದಾಟಿದ ಮೇಲೆ ಸದ್ದು ಗಡುಸಿನಿಂದ ಮೆದುವಿಗೆ ಇಳಿಯುತ್ತದೆ, ಕಂದು ಪುಡಿ ರಾಶಿ ರಾಶಿ ಮೇಲೆ ಬರುತ್ತದೆ. ನಡುನಡುವೆ ಬಿಟ್ ಎತ್ತಿ ಪುಡಿ ಹೊರಹಾಕಬೇಕು, ಇಲ್ಲದಿದ್ದರೆ ಬಿಸಿ ಏರುತ್ತದೆ. ತಡೆಯುಂಗುರ ಜಿಗ್ಗಿಗೆ ತಾಗಿ ಟಕ್ ಎಂದ ಮೇಲೆ ಒಂದು ಕ್ಷಣ ಹಾಗೇ ತಿರುಗಿಸಿ ಎತ್ತಿದರೆ ತಳ ಚೊಕ್ಕವಾಗಿ ಬರುತ್ತದೆ.

ಆ ಪುಡಿಯ ಬಗ್ಗೆ ಒಂದು ಮಾತು. ಎಂಡಿಎಫ್ ಪುಡಿ ಹಿಟ್ಟಿಗಿಂತ ನಯ, ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕು. ಅಡುಗೆಮನೆಯಲ್ಲಿ ಕೊರೆಯಬೇಡಿ, ಬಾಗಿಲನ್ನು ಹೊರಗೆ ಒಯ್ಯಿರಿ. ವ್ಯಾಕ್ಯೂಮ್ ಕೊಳವೆಯನ್ನು ಜಿಗ್ಗಿನ ಪಕ್ಕ ಹಿಡಿಯಲು ಒಬ್ಬರಿದ್ದರೆ ಕೆಲಸ ಅರ್ಧ ಹಗುರ.

ಗುಂಡಿಗೆ ಬಟ್ಟಲು ಹೆಬ್ಬೆರಳಿನ ಒತ್ತಿಗೆ ಕೂರಬೇಕು. ಸುತ್ತಿಗೆ ಬೇಕಾಗುತ್ತದೆ ಅಂದರೆ ಒಳಗೆ ಪುಡಿ ಉಳಿದಿದೆ, ಇಲ್ಲವೇ ಆಳ ಸಾಲದು. ಕೂರಿಸಿದ ಮೇಲೆ ಸ್ಕ್ರೂ ಹಾಕುವ ಮೊದಲು ಮೂಲೆಮಟ್ಟವನ್ನು ಬಾಗಿಲಿನ ಅಂಚಿಗೆ ಆನಿಸಿ ಹಿಂಜಿನ ತೋಳು ನೇರವಾಗಿ ಹೊರಟಿದೆಯೇ ನೋಡಿ. ಬಟ್ಟಲು ದುಂಡಗಿರುವುದರಿಂದ ಗುಂಡಿಯಲ್ಲಿ ಹೇಗೆ ಬೇಕಾದರೂ ತಿರುಗಿ ಕೂರುತ್ತದೆ. ಸ್ವಲ್ಪ ಓರೆಯಾದರೂ ತೋಳು ಪ್ಲೇಟಿಗೆ ಬಲವಂತವಾಗಿ ಸಿಕ್ಕಿ, ಮುಚ್ಚುವಾಗ ಕಿರುಗುಡುತ್ತದೆ. ಸ್ಕ್ರೂ ತೂತು ಕೊರೆಯಲು ತಾನೇ ನಡುವಿಗೆ ಕೂರುವ ಸ್ಪ್ರಿಂಗ್ ಬಿಟ್ ಸಿಗುತ್ತದೆ, ಅದಿದ್ದರೆ ಈ ಓರೆಯ ಚಿಂತೆಯೇ ಕಡಿಮೆ. ನಮ್ಮ ಸ್ಕ್ರೂ 3.5 ದಪ್ಪ, 15 ಉದ್ದದ್ದು, ಮೊದಲು 2.5 ಮಿ.ಮೀ. ತೂತು ಹಾಕಿಕೊಂಡೆವು. ಎಂಡಿಎಫ್‌ಗೆ ತೂತಿಲ್ಲದೆ ಸ್ಕ್ರೂ ನುಗ್ಗಿಸಿದರೆ ಸುತ್ತ ಉಬ್ಬು ಏಳುತ್ತದೆ. ಕೊನೆಯ ಎರಡು ಸುತ್ತು ಕೈಯಿಂದಲೇ. ಯಂತ್ರ ಒಮ್ಮೆ ಹೆಚ್ಚು ತಿರುಗಿಸಿ ಎಳೆ ಕಿತ್ತುಹೋದರೆ ಆ ತೂತು ಮತ್ತೆ ಹಿಡಿಯುವುದಿಲ್ಲ.

ಇಷ್ಟಾದ ಮೇಲೆ ಸಲೀಸು ಅಂದುಕೊಂಡಾಗ ಎದುರಾದದ್ದು ಆಮೇಲೆ ಸೇರಿಸಿದ ಪೆಟ್ಟಿಗೆ. ಅದರಲ್ಲಿ ಪ್ಲೇಟಿನ ತೂತುಗಳು 37ರಲ್ಲೂ ಇಲ್ಲ, 32ರ ಅಂತರದಲ್ಲೂ ಇಲ್ಲ. ಹೊಸ ತೂತು ಹಾಕೋಣವೆಂದರೆ ಹಳೆಯದರ ಅಂಚನ್ನೇ ತಿನ್ನುವಷ್ಟು ಹತ್ತಿರ. ಹಳೆಯ ತೂತುಗಳನ್ನು ಸ್ವಲ್ಪ ಅಗಲ ಮಾಡಿ, ದುಂಡು ಮರದ ಕಡ್ಡಿಗೆ ಅಂಟು ಬಳಿದು ಹೊಡೆದು, ಮರುದಿನದವರೆಗೆ ಮುಟ್ಟದೆ ಬಿಟ್ಟು, ಹಲಗೆಯ ಮಟ್ಟಕ್ಕೆ ಉಳಿಯಿಂದ ಕತ್ತರಿಸಿದೆವು. ಆಮೇಲೆ 37ಕ್ಕೆ ಹೊಸ ಗೆರೆ. ಅಂಟು ಒಣಗುವ ಮುನ್ನ ಕೊರೆದರೆ ಬಿಟ್ ಕಡ್ಡಿಯನ್ನೇ ತಿರುಗಿಸಿಬಿಡುತ್ತದೆ, ಆತುರ ಬೇಡ.

ಬಾಗಿಲು ಸಿಕ್ಕಿಸಿದ ದಿನ ಎಲ್ಲವೂ ಅಂಕುಡೊಂಕು ಕಂಡು ಮನಸ್ಸು ಕುಸಿಯಿತು. ಅದು ಸಹಜವಂತೆ. ಹಿಂಜಿನಲ್ಲಿ ಮೂರು ಕಡೆಗೆ ಸರಿಸುವ ಅನುಕೂಲವಿದೆ: ಎತ್ತರ, ಒಳ-ಹೊರ, ಎಡ-ಬಲ. ಅದೇ ಕ್ರಮದಲ್ಲಿ ಹೋಗಿ. ಮೊದಲು ಪ್ಲೇಟಿನ ತಿರುಪು ಸಡಿಲಿಸಿ ಸಾಲಿನ ಬಾಗಿಲುಗಳ ಮೇಲಂಚು ಒಂದೇ ಗೆರೆಗೆ ತನ್ನಿ. ಆಮೇಲೆ ತೋಳಿನ ಹಿಂದಿನ ತಿರುಪಿನಿಂದ ಬಾಗಿಲು ಪೆಟ್ಟಿಗೆಗೆ ಒತ್ತಿಕೊಳ್ಳದಂತೆ, ಹಿಂಜಿನ ಬದಿಯಲ್ಲಿ ಒಂದೆರಡು ಮಿಲಿಮೀಟರ್ ಬಿಡುವು ಇರುವಂತೆ ಮಾಡಿ. ಕಡೆಗೆ ಮುಂದಿನ ತಿರುಪಿನಿಂದ ಸಂದು. ಮೇಲಿನ ಹಿಂಜಿನ ತಿರುಪು ತಿರುಗಿಸಿದರೆ ಕೆಳಗಿನ ಮೂಲೆಯೂ ಓಡಾಡುತ್ತದೆ, ಆದ್ದರಿಂದ ಎರಡನ್ನೂ ಕಾಲು ಸುತ್ತು, ಕಾಲು ಸುತ್ತು ಮಾಡುತ್ತಾ ದೂರ ನಿಂತು ನೋಡಬೇಕು. ಎಡಬಲಕ್ಕೆ ಸಿಗುವುದು ಸುಮಾರು 2 ಮಿ.ಮೀ. ಮಾತ್ರ. ಅದರಾಚೆಗಿನ ವ್ಯತ್ಯಾಸವನ್ನು ತಿರುಪು ತೀರಿಸದು, ಪ್ಲೇಟಿನ ಎತ್ತರ ಬದಲಿಸಬೇಕಾಗುತ್ತದೆ.

ತಾನಾಗಿ ಮೆಲ್ಲಗೆ ಮುಚ್ಚುವ ಹಿಂಜಾದರೆ ಸಣ್ಣ ಬಾಗಿಲಿಗೆ ಎರಡೂ ಹಿಂಜಿನ ತಡೆ ಸೇರಿ ಮುಚ್ಚಲು ಯುಗ ಹಿಡಿಯುತ್ತದೆ. ಹಲವು ಹಿಂಜುಗಳ ಬಟ್ಟಲಿನಲ್ಲಿ ಆ ತಡೆಯನ್ನು ನಿಲ್ಲಿಸುವ ಪುಟ್ಟ ಸ್ವಿಚ್ ಇರುತ್ತದೆ, ಒಂದರಲ್ಲಿ ನಿಲ್ಲಿಸಿದರೆ ಸರಿಹೋಗುತ್ತದೆ. ಕೆಲವು ವಾರ ಬಳಸಿದ ಮೇಲೆ ಎಲ್ಲ ಪ್ಲೇಟುಗಳ ಸ್ಕ್ರೂಗಳನ್ನು ಕೈಯಿಂದ ಒಮ್ಮೆ ಬಿಗಿ ಮಾಡಿ, ಭಾರದ ಬಾಗಿಲುಗಳದ್ದು ಖಂಡಿತ ಸ್ವಲ್ಪ ಸಡಿಲಾಗಿರುತ್ತದೆ. ಟೇಪು ಅಂಟಿಸಿದ ಜಿಗ್ಗನ್ನು ಹಾಗೇ ಎತ್ತಿಡಿ, ತಾಲೀಮಿನ ತುಂಡಿನ ಮೇಲೆ ಕೆ, ಆಳ, ಪ್ಲೇಟು, ಹಿಂಜಿನ ಮಾದರಿ ಸಂಖ್ಯೆ ಬರೆದು ಅದರ ಜೊತೆಗಿಡಿ. ಮುಂದೆ ಒಂದು ಬಾಗಿಲು ಬದಲಿಸಬೇಕಾಗಿ ಬಂದರೆ ಆ ಆರ್ಡರ್ ಫಾರಂ ತುಂಬಲು ಬೇಕಾದದ್ದೆಲ್ಲ ಅದರಲ್ಲಿರುತ್ತದೆ.